ಸಿ ಡ್ರೈವಿನಲ್ಲಿ ಉಳಿದಿದ್ದ ಊಟದ ಪಂಕ್ತಿ

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಸಣ್ಣ ಅಂಗಡಿ. ಅಂಗಡಿ ಅನ್ನುವುದು ಹೆಸರಿಗೆ ಮಾತ್ರ. ನಾನು ಅಲ್ಲಿ ಕೂತಿರುವುದಕ್ಕಿಂತ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಬಸ್ಸುಗಳಲ್ಲಿ ಕೂತಿರುವುದೇ ಹೆಚ್ಚು. ಕೆಟ್ಟ ಕಂಪ್ಯೂಟರುಗಳ ಹಿಂದೆ ಹೀಗೆ ತಿರುಗಿ ತಿರುಗಿ ಬೇಸರ ಬಂದಿದೆಯೇ ಎಂದು ಯಾರಾದರೂ ಕೇಳಿದರೆ, ಬಂದಿದೆ, ಆದರೆ ಕೆಲಸದ ಮೇಲಲ್ಲ, ಒಂದು ಪ್ರಶ್ನೆಯ ಮೇಲೆ ಎನ್ನುತ್ತೇನೆ. ಹಳೆಯದನ್ನು ಅಳಿಸಿ ಹೊಸದಾಗಿ ಓಎಸ್ ಹಾಕುವ ಮುಂಚೆ ಆ ಪ್ರಶ್ನೆಯನ್ನು ಕೇಳಲೇಬೇಕು: "ಇದರಲ್ಲಿ ನಿಮಗೆ ಬೇಕಾದದ್ದು ಏನಿದೆ, ಎಲ್ಲಿದೆ?"

ಕೇಳಿದ ತಕ್ಷಣ ಎದುರಿಗಿದ್ದವರ ಮುಖ, ಬೀಗರು ಬಂದು ಕೂತಾಗ ಡಬ್ಬದಲ್ಲಿ ಸಕ್ಕರೆ ಇದೆಯೋ ಇಲ್ಲವೋ ಗೊತ್ತಿಲ್ಲದವರ ಮುಖದ ಹಾಗಾಗುತ್ತದೆ. "ಏನಿಲ್ಲ ಸಾ, ಎಲ್ಲಾ ಅಳ್ಸಾಕಿ" ಅನ್ನುತ್ತಾರೆ. ಅಳಿಸಿ, ಅವರು ಕೊಟ್ಟ ಟೀ ಕುಡಿದು, ಲೋಟ ಕೆಳಗಿಡುವಷ್ಟರಲ್ಲಿ ಒಳಗಿನಿಂದ ಒಂದು ಕೂಗು ಬರುತ್ತದೆ: "ಅಯ್ಯೋ, ಮಗೀದು ನಾಮಕರಣದ ಫೋಟೋ ಅದ್ರಲ್ಲೇ ಇತ್ತಲ್ರೀ!" ನನ್ನನ್ನು ಸಾಕಿದ ಅಜ್ಜಿ ಕಂಪ್ಯೂಟರನ್ನು ಕಣ್ಣಿಂದ ನೋಡಿದವಳಲ್ಲ. ಆದರೂ ಈ ಕಸುಬಿಗೆ ಬೇಕಾದ ಮಾತನ್ನು ಅವಳೇ ಹೇಳಿ ಹೋಗಿದ್ದಳು. "ಗುಡ್ಸಕ್ ಮುಂಚೆ ಬಗ್ಗಿ ನೋಡು ಮಗ. ಗುಡ್ಸಾದ್ ಮೇಲೆ ತಿಪ್ಪೆ ಕೆದಕ್ಬೇಡ."

ಗೊತ್ತಿಲ್ಲದವರಿಗೆ ನಾನು ಹೇಳುವುದು ಇಷ್ಟೇ. ಹಾರ್ಡ್ ಡಿಸ್ಕ್ ಎಂಬುದು ಒಂದು ಹೊಲ. ಅದಕ್ಕೆ ನಡುವೆ ಬದು ಹಾಕಿ ಪಾಲು ಮಾಡುತ್ತಾರೆ. ಮೊದಲನೆಯ ಪಾಲಿನಲ್ಲಿ ಕಂಪ್ಯೂಟರನ್ನು ನಡೆಸುವ ಓಎಸ್ ಇರುತ್ತದೆ, ಅದು ಸಿ ಡ್ರೈವು. ಉಳಿದ ಡಿ, ಇ, ಎಫ್ ನಮ್ಮ ಸಾಮಾನು ಇಟ್ಟುಕೊಳ್ಳುವುದಕ್ಕೆ. ಹೊಸದಾಗಿ ಓಎಸ್ ಹಾಕುವಾಗ ಮೊದಲ ಪಾಲನ್ನು ಮಾತ್ರ ಉತ್ತು ಮಟ್ಟ ಮಾಡುತ್ತೇವೆ, ಮಿಕ್ಕ ಪಾಲುಗಳು ಹಾಗೇ ಇರುತ್ತವೆ. ತೊಂದರೆ ಎಲ್ಲಿ ಅಂದರೆ, ಕಂಪ್ಯೂಟರು ಹಚ್ಚಿದ ಕೂಡಲೇ ಕಣ್ಣೆದುರು ಕಾಣುವ ಪರದೆ ಇದೆಯಲ್ಲ, ಡೆಸ್ಕ್‌ಟಾಪು, ಅದೂ ಆ ಮೊದಲ ಪಾಲಿಗೇ ಸೇರಿದ್ದು. ಕೈಗೆ ಸಿಗಲಿ ಎಂದು ಜನ ಬೇಕಾದದ್ದನ್ನೆಲ್ಲ ತಂದು ಅಲ್ಲೇ ಹರಡಿಕೊಂಡಿರುತ್ತಾರೆ.

ಆ ದಿನ ಬೆಳಗ್ಗೆ ನಾನು ನಾಗಮಂಗಲದಲ್ಲಿದ್ದೆ. ಒಂದು ಕಾಲೇಜಿನ ಲ್ಯಾಬಿನಲ್ಲಿ ಸಾಲು ಸಾಲು ಕಂಪ್ಯೂಟರುಗಳಿಗೆ ಇದೇ ಕೆಲಸ. ಮೇಜಿನ ಕೆಳಗೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಊರಿಗೆ ಹೋಗಿ ಒಂದು ಚಾಪೆ ಸಿಕ್ಕಿದರೆ ಸಾಕಪ್ಪ ಎಂದು ಬಸ್‌ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತಿದ್ದಾಗ ಫೋನು ಬಂತು. ಕೆ.ಆರ್.ಪೇಟೆಯ ಫೋಟೋ ಸ್ಟುಡಿಯೋದವನು.

"ಅಣ್ಣ, ಎಲ್ಲಿದ್ದೀಯ? ಸಿಸ್ಟಮ್ಮು ಆನಾಗ್ತಾ ಇಲ್ಲ. ಕರ್‍ರನೆ ಪರದೆ ಮೇಲೆ ಬಿಳೀ ಗೆರೆ ಮಿಣಮಿಣ ಅಂತ ಕುಂತ್ಬುಟ್ಟೈತೆ."

"ನಾಳೆ ಬತ್ತೀನಿ ಕಣಪ್ಪ. ಸೊಂಟ ಬಿದ್ದೋಗೈತೆ."

"ನಾಳೆ ಅಂದ್ರೆ ಆಗಕಿಲ್ಲ. ಇಲ್ಲೊಬ್ರು ಬಂದು ಬೆಳಗಿಂದ ಕುಂತವ್ರೆ. ನಾನು ಫೋನಲ್ಲಿ ಯೋಳಕ್ಕಾಯ್ತಿಲ್ಲ, ಬಂದ್ಬುಡು."

ಅವನ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ. ಶ್ರೀರಂಗಪಟ್ಟಣದ ಬಸ್ಸು ಹತ್ತಬೇಕಾದವನು ಕೆ.ಆರ್.ಪೇಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರಾಕ್ಟರುಗಳು ಮುಂದೆ ಸಿಕ್ಕಿ ಬಸ್ಸು ತೆವಳಿತು. ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡೋಣ ಎಂದರೆ ಪ್ರತಿ ಹಳ್ಳಕ್ಕೂ ಕಿಟಕಿ ತಿರುಗಿ ನನ್ನ ತಲೆಗೇ ಹೊಡೆಯುತ್ತಿತ್ತು.

ಸ್ಟುಡಿಯೋ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ. ಗಂಡ ಮದುವೆ ಮನೆಗಳಿಗೆ ಹೋಗಿ ಫೋಟೋ ತೆಗೆಯುತ್ತಾನೆ, ಹೆಂಡತಿ ಅಂಗಡಿಯಲ್ಲಿ ಕೂತು ಆಲ್ಬಮ್ ಮಾಡುತ್ತಾಳೆ. ಇಬ್ಬರಿಗೂ ಇರುವುದು ಅದೊಂದೇ ಕಂಪ್ಯೂಟರು. ನಾನು ಹೋದಾಗ ಅದರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಗಂಡಸು, ನನ್ನ ವಯಸ್ಸಿನವನೇ, ಹೆಗಲ ಮೇಲೆ ಟವಲು ಹಾಕಿಕೊಂಡು ಕೂತಿದ್ದ. ಗಡ್ಡ ಬೆಳೆದಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಸಾವಿನ ಮನೆಯವನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಗೋವಿಂದನಹಳ್ಳಿ ಕಡೆಯೋರು," ಅಂದಳು ಸ್ಟುಡಿಯೋದ ಹೆಂಗಸು. "ಅವ್ರವ್ವ ಓಗ್ಬುಟ್ರು. ತಿಥಿಗೆ ಫ್ಲೆಕ್ಸ್ ಮಾಡಿಸ್ಬೇಕು, ಕಾರ್ಡ್ ಮಾಡಿಸ್ಬೇಕು. ಅಕ್ಷರ ಎಲ್ಲಾ ರೆಡಿಯಾಗೈತೆ. ಮಕ ಒಂದಿಲ್ಲ."

"ಆಧಾರ್ ಕಾರ್ಡಲ್ಲಿ ಇರ್ತದಲ್ಲವ್ವ?"

ಆ ಮಗ ಜೇಬಿನಿಂದ ಕಾರ್ಡು ತೆಗೆದು ಕೊಟ್ಟ. ಕಪ್ಪು ಹಿನ್ನೆಲೆಯಲ್ಲಿ ಅದಕ್ಕಿಂತ ಕಪ್ಪಾದ ಏನೋ ಒಂದು, ಎರಡು ಕಣ್ಣು. "ನೋಡಣ್ಣ, ಯಾರೋ ಕಳ್ಳೀನ ಇಡ್ಕ ಬಂದು ಕೂರ್ಸ್ದಂಗೈತೆ. ಇದ್ನ ಆಕಣ ಅಂದ್ರೆ ನಮ್ಮಕ್ಕ ಅತ್ಕೊಂಡು ಒಳೀಕೋದ್ಲು. ಇದು ಅವ್ವ ಅಲ್ಲ ಅಂತಾಳೆ."

"ಫೋನಲ್ಲಿ ತೆಗ್ದಿಲ್ವಾ ಯಾರೂ?"

"ತೆಗ್ಯಕ್ ಬುಟ್ರೆ ತಾನೆ? ಫೋನೆತ್ತಿದ್ರೆ ಸೆರಗ್ನ ಮಕದ್ ಮೇಕೆ ಎಳ್ಕಳೋಳು. 'ನನ್ ಮಕ ಯಾವನ್ ನೋಡ್ಬೇಕ್ಲಾ, ಓಗ್ ಎಮ್ಮೆ ಕಟ್ಟಾಕು' ಅನ್ನೋಳು." ಅಂದವನು ಸ್ವಲ್ಪ ನಕ್ಕ, ಆಮೇಲೆ ನಿಲ್ಲಿಸಿದ. "ಒಂದೇ ಆಸೆ ಇರೋದು. ಹೊಸಹೊಳಲ್ಲಿ ನಮ್ ನೆಂಟ್ರ ಮದ್ವೇಗೆ ಬಂದಿದ್ಲು. ಫೋಟೋ ತೆಗ್ದೋರು ಇವ್ರೇಯ. ಪಂತೀಲಿ ಕುಂತಾಗ ಎಲ್ಲಾರ ಒಂದ್ರಲ್ಲಿ ಸಿಕ್ಕಿರ್ತಾಳೆ. ಅದು ಇದ್ರೊಳಗೈತಂತೆ." ಎಂದು ಕಂಪ್ಯೂಟರಿನ ಡಬ್ಬದ ಮೇಲೆ ಕೈಯಿಟ್ಟ. ಜ್ವರ ಬಂದ ಕರುವಿನ ಮೈ ಮುಟ್ಟಿ ನೋಡುವ ಹಾಗೆ.

ನಮ್ಮ ಕಡೆ ಇದು ಇರುವುದೇ ಹೀಗೆ. ಹಳೆಯ ತಲೆಯ ಹೆಂಗಸರಿಗೆ ತಮ್ಮದೆಂದು ಒಂದು ಫೋಟೋ ಇರುವುದಿಲ್ಲ. ಅವರು ಸತ್ತ ಮೇಲೆ ಮಕ್ಕಳು, ಯಾರ ಮದುವೆಗೆ ಹೋಗಿದ್ದಳು, ಯಾವ ಸಾಲಿನಲ್ಲಿ ಕೂತಿದ್ದಳು ಎಂದು ಹುಡುಕಿಕೊಂಡು ಸ್ಟುಡಿಯೋಗಳಿಗೆ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಅರ್ಧ ಕಂಡ ಮುಖವನ್ನು ಕತ್ತರಿಸಿ, ದೊಡ್ಡದು ಮಾಡಿ, ನೀಲಿ ಬಣ್ಣದ ಮುಂದೆ ಕೂರಿಸಿಕೊಡುತ್ತಾರೆ. ನನ್ನ ಅಜ್ಜಿಯ ಕಾಲಕ್ಕೆ ಅದೂ ಇರಲಿಲ್ಲ. ಅವಳ ಮಾತು ನನ್ನ ಬಾಯಲ್ಲಿದೆ, ಮುಖ ಎಲ್ಲೂ ಇಲ್ಲ.

"ಅದ್ಕೇ ಅಣ್ಣ ನಾನು ಒಂದ್ನೂ ಅಳ್ಸಕಿಲ್ಲ," ಅಂದಳು ಆ ಹೆಂಗಸು. "ಆಲ್ಬಮ್ ತಕ್ಕಂಡೋರು ಮತ್ತೆ ಈ ಕಡೆ ತಲೆ ಆಕಿ ಮಲಗಕಿಲ್ಲ. ತಿಥಿ ಫೋಟೋಗೆ ಬರೋರೇ ಜಾಸ್ತಿ."

"ಅದೊಂದೇ ಅಲ್ಲ ಕಣಮ್ಮಿ," ಅಂದ ಗಂಡ. "ತಾಳಿ ಕಟ್ಟೋ ಫೋಟೋನ ಡಿಲೀಟ್ ಒಡೀಬಾರ್ದು. ಒಳ್ಳೇದಲ್ಲ."

"ನೀವು ಒಡೀದೆ ಇದ್ರೂ ಆಲೇ ಅದ್ರಲ್ಲಿ ಎಷ್ಟ್ ಜನ ಬುಟ್ಟೋಗವ್ರೆ!"

"ಅದು ಅವ್ರ್ ಅಣೇಬರ. ನನ್ ಕೈಯಿಂದ ಆಯ್ತು ಅನ್ನಿಸ್ಕಬಾರ್ದು."

ಹೀಗೆ ಒಬ್ಬರು ಸತ್ತವರಿಗಾಗಿ, ಇನ್ನೊಬ್ಬರು ಬದುಕಿರುವವರ ಮಾಂಗಲ್ಯಕ್ಕಾಗಿ, ಇಬ್ಬರೂ ಸೇರಿ ವರ್ಷಗಟ್ಟಲೆಯ ಮದುವೆಗಳನ್ನೆಲ್ಲ ಆ ಡಿಸ್ಕಿಗೆ ತುರುಕಿದ್ದರು. ಅದು ಉಸಿರಾಡಲು ಜಾಗವಿಲ್ಲದೆ ನಿಂತು ಹೋಗಿತ್ತು.

ಪೆನ್‌ಡ್ರೈವು ಚುಚ್ಚಿ ಓಎಸ್ ಹಾಕುವ ಪರದೆ ತೆರೆದೆ. ಪಾಲುಗಳು ಕಂಡವು. ಯಾವ ಪುಣ್ಯಾತ್ಮ ಮಾಡಿದ್ದನೋ, ನಾಲ್ಕು ಜನ ಅಣ್ಣತಮ್ಮಂದಿರಿಗೆ ಹಂಚಿದ ಹಾಗೆ ನಾಲ್ಕೂ ಸಮಸಮ. ನ್ಯಾಯವೇನೋ ಸರಿ. ಆದರೆ ಓಎಸ್ ಎಂಬುದು ಸಮಪಾಲಿನಲ್ಲಿ ಬಾಳುವ ಜಾತಿಯಲ್ಲ, ದಿನದಿನಕ್ಕೆ ಅದರ ಹೊಟ್ಟೆ ಬೆಳೆಯುತ್ತದೆ. ಮೊದಲನೆಯ ಪಾಲು ಅಂಚಿನವರೆಗೆ ತುಂಬಿತ್ತು. ಅದನ್ನು ಅಳಿಸಿ ಹೊಸದಾಗಿ ಹಾಕಿದರೆ ಸದ್ಯಕ್ಕೆ ನಡೆಯುತ್ತದೆ, ಬದುಗಳನ್ನು ಇನ್ನೊಂದು ದಿನ ಸರಿಸೋಣ, ನಾನು ಮನೆಗೆ ಹೋಗಬಹುದು ಎಂದು ಲೆಕ್ಕ ಹಾಕಿದೆ. ಆದರೂ ರೂಢಿ ಬಿಡಲಿಲ್ಲ. ಕೇಳಿದೆ.

"ಆ ಮದ್ವೆ ಯಾವ್ದ್ರಲ್ಲೈತಪ್ಪ?"

"ಡಿ ಡ್ರೈವಲ್ಲಿ," ಅಂದ ಗಂಡ, ಒಂದು ಗಳಿಗೆಯೂ ತಡೆಯದೆ. "ಮದ್ವೆ ಎಲ್ಲಾ ಡಿ, ಇ, ಎಫ್‌ನಲ್ಲೇ ಇರೋದು. ಸೀ ನಲ್ಲಿ ಏನಿಲ್ಲ. ಕಣ್ ಮುಚ್ಕಂಡು ಅಳ್ಸು."

ಮೊದಲನೆಯ ಪಾಲಿನ ಮೇಲೆ ಬಾಣ ನಿಲ್ಲಿಸಿ ಅಳಿಸುವ ಗುಂಡಿ ಒತ್ತಿದೆ. ಇದರಲ್ಲಿರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಅದು ಕೊನೆಯ ಸಲ ಕೇಳಿತು. ಆ ಪೆಟ್ಟಿಗೆ ಪರದೆಯ ಮೇಲೆ ನಿಂತಿತ್ತು, ನನ್ನ ಬೆರಳು ಮೌಸಿನ ಮೇಲಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ಪಕ್ಕದ ಕುರ್ಚಿಯಿಂದ ಆ ಮಗ ಬಗ್ಗಿದ.

"ಅಣ್ಣ, ನಂಗೆ ಇದೆಲ್ಲ ಗೊತ್ತಾಗಕಿಲ್ಲ. ಅದ್ನ ಒತ್ತುದ್ರೆ ನಮ್ಮವ್ವ ಓಯ್ತಾಳಾ?"

"ಇಲ್ಲ ಕಣಪ್ಪ, ಇದು ಬ್ಯಾರೆ ಪಾಲು," ಅಂದೆ. ಅಂದೆನೇ ಹೊರತು ಬೆರಳು ಇಳಿಯಲಿಲ್ಲ. ಡಿ ಎಂದು ಹೇಳಿದವನು ಗಂಡ. ಈ ಕಂಪ್ಯೂಟರಿನ ಮುಂದೆ ದಿನವೆಲ್ಲ ಕೂರುವವಳು ಹೆಂಡತಿ. ಅವಳ ಕಡೆ ತಿರುಗಿದೆ. ಅವಳು ಹಣೆ ಸುಕ್ಕು ಮಾಡಿಕೊಂಡು ಗೋಡೆ ನೋಡುತ್ತಿದ್ದಳು.

"ತಡೀರಿ ಅಣ್ಣ. ಆ ಹೊಸಹೊಳಲ್ ಮದ್ವೆ ಆಲ್ಬಮ್ ತಕ್ಕೊಂಡು ಓದ್ರಾ?"

"ಓಗಿರ್ತಾರೆ ಬುಡು," ಅಂದ ಗಂಡ.

"ಎಲ್ಲೋದ್ರು? ಗಂಡಿನ್ ಕಡೆಯೋರು ಬಂದು, ಆಲ್ಬಮ್ಮಲ್ಲಿ ಬರೀ ಹೆಣ್ಣಿನ್ ಕಡೆಯೋರೇ ಅವ್ರೆ ಅಂತ ಜಗಳ ತೆಗುದ್ರಲ್ಲ. ಹೆಣ್ಣಿನ್ ಕಡೆಯೋರು ಬಂದು, ಅವ್ರು ಕುಡ್ದು ಬಿದ್ದಿದ್ದು ಯಾಕ್ ತೆಗೀನಿಲ್ಲ ಅಂತ ಕೇಳುದ್ರಲ್ಲ. ಆಮೇಲೆ ಎರಡ್ ಕಡೆಯೋರೂ ಬರ್ಲೇ ಇಲ್ಲ."

"ಔದಲ್ವಾ!"

"ತಕ್ಕೊಂಡೋಗ್ದೆ ಇರೋದ್ನ ನಾನು ಡೀಗೆ ಆಕಕಿಲ್ಲ. ಡೆಸ್ಕ್‌ಟಾಪಲ್ಲೇ ಮಡಗಿರ್ತೀನಿ, ಕಣ್ಮುಂದೆ ಇರ್ಲಿ ಅಂತ."

ಕಣ್ಣೆದುರಿನ ಡೆಸ್ಕ್‌ಟಾಪು, ಅಂದರೆ ಸಿ. ಅಂದರೆ ನನ್ನ ಬೆರಳಿನ ಕೆಳಗೆ. ನಾನು ನಿಧಾನಕ್ಕೆ ಬೇಡ ಎಂಬ ಗುಂಡಿ ಒತ್ತಿ ಕುರ್ಚಿಗೆ ಒರಗಿದೆ. ಗಂಡ ಎದ್ದು ಹೋಗಿ ಫ್ಯಾನಿನ ವೇಗ ಜಾಸ್ತಿ ಮಾಡಿ ಬಂದ. ಆ ಮಗನಿಗೆ ಏನಾಯಿತೆಂದು ಪೂರ್ತಿ ತಿಳಿದಿರಲಿಲ್ಲ. ನಮ್ಮ ಮೂವರ ಮುಖ ನೋಡಿ ಅರ್ಧ ತಿಳಿದುಕೊಂಡು ಟವಲಿನಿಂದ ಕತ್ತು ಒರೆಸಿಕೊಂಡ.

ನನ್ನ ಹತ್ತಿರ ಇನ್ನೊಂದು ಪೆನ್‌ಡ್ರೈವು ಇರುತ್ತದೆ. ಅದನ್ನು ಹಾಕಿದರೆ ಡಿಸ್ಕಿನಲ್ಲಿ ಏನನ್ನೂ ಅಳಿಸದೆ ಒಳಗಿರುವುದನ್ನು ನೋಡಬಹುದು. ಅದರಿಂದ ಕಂಪ್ಯೂಟರು ಹಚ್ಚಿದೆ. ಡಿಸ್ಕು ಟಕ್ ಟಕ್ ಎನ್ನುತ್ತ, ಮುದುಕ ಮೆಟ್ಟಿಲು ಹತ್ತಿದಂತೆ, ಒಂದೊಂದೇ ಫೋಲ್ಡರು ತೆರೆಯಿತು. ಡೆಸ್ಕ್‌ಟಾಪಿನಲ್ಲಿ ಬಾಕಿ ಎಂಬ ಫೋಲ್ಡರು, ಅದರೊಳಗೆ ಯಾರೂ ಕೊಂಡೊಯ್ಯದ ಮದುವೆಗಳ ರಾಶಿ, ಅದರಲ್ಲಿ ಹೊಸಹೊಳಲಿನದು. ನನ್ನ ಚೀಲದಲ್ಲಿದ್ದ ಬೇರೆ ಡಿಸ್ಕಿನಲ್ಲಿ ಮುಕ್ಕಾಲು ಪಾಲು ಕಾಲೇಜಿನ ಸಾಮಾನಿತ್ತು. ಮಿಕ್ಕ ಜಾಗ ಈ ಒಂದು ಮದುವೆಗೆ ಸಾಕಾಯಿತು. ಮೊದಲು ಅದನ್ನು ಹೊರಗೆ ಇಳಿಸಿಕೊಂಡೆ. ಇಳಿಯುವಷ್ಟು ಹೊತ್ತೂ ನಾಲ್ವರೂ ಆ ಹಸಿರು ಪಟ್ಟಿ ಬೆಳೆಯುವುದನ್ನು, ಒಲೆಯ ಮೇಲೆ ಹಾಲಿಟ್ಟವರಂತೆ, ನೋಡುತ್ತ ಕೂತೆವು.

ಆಮೇಲೆ ಫೋಟೋಗಳು. ಹಸೆಮಣೆಯಲ್ಲಿ ಅವಳಿಲ್ಲ. ತಾಳಿ ಕಟ್ಟುವಾಗ ಅಕ್ಷತೆ ಹಿಡಿದವರ ಗುಂಪಿನಲ್ಲಿ ಇಲ್ಲ. ಉಡುಗೊರೆ ಕೊಡುವ ಸಾಲಿನಲ್ಲೂ ಇಲ್ಲ.

"ವೇದಿಕೆ ಮ್ಯಾಕ್ ಅತ್ತೋಳಲ್ಲ ಬುಡಿ," ಅಂದ ಮಗ. "ಊಟದ್ ತಾವ ನೋಡಿ."

ಊಟದ ಪಂಕ್ತಿ ಬಂತು. ಅವನ ದನಿಗೆ ಜೀವ ಬಂತು.

"ಇವ್ನು ನಮ್ ಚಿಕ್ಕಪ್ಪ. ನೋಡಿ, ಫೋಟೋದಲ್ಲೂ ಲಾಡು ಜೋಬಿಗೆ ಬುಟ್ಕತಾವ್ನೆ! ಇವ್ರು ನಮ್ಮೂರ್ ಗೌಡ್ರು, ಎಲೆ ಮುಂದ್ ಕುಂತ್ರೆ ಪ್ರಪಂಚ ಮುಳ್ಗೋದ್ರೂ ಏಳಕಿಲ್ಲ. ಈವಮ್ಮ ನಮ್ಮವ್ವನ್ ಜೊತೇಗೇ ಮದ್ವೇಗ್ ಓಗಿದ್ದು. ಈವಮ್ಮ ಇದ್ರೆ ಪಕ್ಕದಲ್ಲಿ ಅವ್ಳಿರ್ಬೇಕು. ಮುಂದುಕ್ ಓಗಣ್ಣ, ಮುಂದುಕ್ ಓಗು."

ಮುಂದಿನದರಲ್ಲಿ ಪಕ್ಕದ ಜಾಗವಿತ್ತು. ಆದರೆ ಅಲ್ಲಿ ಸಾರಿನ ಬಕೆಟ್ ಹಿಡಿದವನ ಬೆನ್ನು. ಅದರ ಮುಂದಿನದರಲ್ಲಿ ಹಸಿರು ಸೀರೆ, ಎಲೆಯ ಮೇಲೆ ಪೂರ್ತಿ ಬಗ್ಗಿದ ತಲೆ, ಬೈತಲೆ ಮಾತ್ರ. ಇನ್ನೊಂದು ಒತ್ತಿದೆ.

ಇದ್ದಳು. ಪಾಯಸದವನು ಸೌಟು ಚಾಚಿದ್ದಾನೆ. ಅವಳು ಬೇಡ ಎಂದು ಅಂಗೈ ಅಡ್ಡ ಎತ್ತಿದ್ದಾಳೆ. ಕ್ಯಾಮೆರಾದ ಕಡೆ ಗಮನವಿಲ್ಲ, ಬಡಿಸುವವನನ್ನು ನೋಡುತ್ತಿದ್ದಾಳೆ, ಕಣ್ಣಲ್ಲಿ ನಗು. ಗದ್ದ ಮತ್ತು ಬಾಯಿಯ ಒಂದು ಮೂಲೆ ಆ ಕೈಯ ಹಿಂದೆ ಮುಚ್ಚಿಹೋಗಿವೆ.

ಮಗ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ಆ ಬಳೆ ನಾನ್ ತಂದಿದ್ದು," ಅಂದ.

ಉಳಿದ ಫೋಟೋಗಳನ್ನೂ ನೋಡಿದೆವು. ಮತ್ತೆಲ್ಲೂ ಸಿಗಲಿಲ್ಲ. ಹೆಂಗಸು ಪರದೆಗೆ ಮುಖ ತಂದು ಕಸುಬಿನವಳ ಕಣ್ಣಿನಿಂದ ಅಳೆದಳು.

"ಕೈ ತೆಗ್ದು ಸರಿ ಮಾಡ್‌ಕೊಡ್ತೀನಣ್ಣ. ಬೇರೆ ಫೋಟೋದಿಂದ ಗದ್ದ ತಂದು ಕೂರಿಸ್ಬೋದು. ಒಂಚೂರೂ ಗೊತ್ತಾಗಕಿಲ್ಲ."

"ಬ್ಯಾರೆ ಯಾರ್ದೋ ಗದ್ದ ನಮ್ಮವ್ವನಿಗ್ ಯಾಕವ್ವ?"

"ಅಲ್ಲ, ಮಕ ಪೂರ್ತಿ ಕಾಣಕಿಲ್ಲ ಅಂತ."

"ಇಂಗೇ ಇರ್ಲಿ. ಕೈಯೂ ಅವ್ಳ್ದೇ ಅಲ್ವಾ."

ಅವಳು ನನ್ನ ಲ್ಯಾಪ್‌ಟಾಪಿನಲ್ಲೇ ಆ ಫೋಟೋ ತೆರೆದು, ಪಕ್ಕದ ಎಲೆಯವರನ್ನು, ಬಕೆಟನ್ನು ಕತ್ತರಿಸಿ, ಅವಳನ್ನು, ಅವಳ ಕೈಯನ್ನು ಮಾತ್ರ ಉಳಿಸಿದಳು. ಫ್ಲೆಕ್ಸಿನವನಿಗೆ ಕಳಿಸಿದ್ದಾಯಿತು. ಮಗ ಎದ್ದು ನಿಂತು, "ಉಂಡ್ಯಾ ಅಣ್ಣ?" ಅಂದ. ಇಲ್ಲ ಅಂದೆ. "ತಿಥಿಗೆ ಬರ್ಲೇಬೇಕು, ಉಣ್ದೆ ಓದ್ರೆ ಬುಡಕಿಲ್ಲ," ಎಂದು ಹೇಳಿ, ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ನನ್ನ ಕೆಲಸ ಆಗಿನ್ನೂ ಶುರುವಾಗಿತ್ತು. ಬಾಕಿಯ ಉಳಿದ ಮದುವೆಗಳನ್ನು ಎಲ್ಲಿಡುವುದು? ಡಿ, ಇ, ಎಫ್ ಮೂರರಲ್ಲೂ ಕಾಲಿಡಲು ಜಾಗವಿಲ್ಲ. ಗಂಡ ಮೈಸೂರಿನ ಅಂಗಡಿಗೆ ಫೋನು ಮಾಡಿ, ಒಂದು ದೊಡ್ಡ ಡಿಸ್ಕನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಲು ಹೇಳಿದ. ಅದು ಬರುವ ತನಕ ನಾನು ಸ್ಟುಡಿಯೋದ ಒಳಕೋಣೆಯಲ್ಲಿ, ಪಾಸ್‌ಪೋರ್ಟ್ ಫೋಟೋಗೆ ಕೂರಿಸುವ ಬೆಂಚಿನ ಮೇಲೆ, ನೀಲಿ ಪರದೆಯ ಮುಂದೆ ಮೈ ಚಾಚಿದೆ. ಆ ಬೆಂಚಿನಷ್ಟು ಸುಖವಾದ ಹಾಸಿಗೆಯನ್ನು ನಾನು ಆ ವಾರ ಕಂಡಿರಲಿಲ್ಲ.

ಡಿಸ್ಕು ಬಂದ ಮೇಲೆ ನಾಲ್ಕೂ ಪಾಲಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಇಳಿಸಲು ಹಚ್ಚಿಟ್ಟೆವು. ಅದು ಮುಗಿಯುವ ಹೊತ್ತಿಗೆ ಮರುದಿನವಾಗಿತ್ತು. ಒಂದೊಂದು ಫೋಲ್ಡರನ್ನೂ ತೆರೆದು ನೋಡಿ, ಎಲ್ಲವೂ ಬಂದಿದೆ ಎಂದು ಆ ಹೆಂಗಸು ತನ್ನ ಬಾಯಿಂದ ಹೇಳಿದ ಮೇಲೆ ಹಳೆಯ ಬದುಗಳನ್ನೆಲ್ಲ ಒಡೆದೆ. ನಾಲ್ಕರ ಜಾಗದಲ್ಲಿ ಎರಡೇ ಮಾಡಿದೆ. ಓಎಸ್‌ಗೆ ಕೈಕಾಲು ಆಡಿಸುವಷ್ಟು ಅಗಲದ ಒಂದು, ಮದುವೆಗಳಿಗೆ ಮಿಕ್ಕಿದ್ದೆಲ್ಲ.

"ಇನ್ಮೇಲೆ ಬಾಕಿ ಇರೋದ್ನೂ ಎರಡ್ನೇದ್ರಲ್ಲೇ ಮಡಗವ್ವ," ಅಂದೆ.

"ಕಣ್ಮುಂದೆ ಇಲ್ದಿದ್ರೆ ಮರ್ತೋಯ್ತದೆ ಅಣ್ಣ," ಅಂದಳು. ನಾನು ಚೀಲ ಹೆಗಲಿಗೇರಿಸಿಕೊಂಡು ಹೊರಟೆ.

ತಿಥಿಗೆ ಹೋಗಬಾರದೆಂದೇ ಇದ್ದೆ. ಬಸ್ಸು, ಬಿಸಿಲು, ಸೊಂಟ. ಸ್ಟುಡಿಯೋದವನು ಬಿಡಲಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಗೋವಿಂದನಹಳ್ಳಿ ದಾಟಿ ಅವರ ಊರು ಸೇರಿದಾಗ ಶಾಮಿಯಾನದ ಕೆಳಗೆ ಪಂಕ್ತಿ ಕೂತಾಗಿತ್ತು. ಬಾಡಿನ ಸಾರಿನ ವಾಸನೆ ಬೀದಿಗೆಲ್ಲ ಹರಡಿತ್ತು. ಫ್ಲೆಕ್ಸನ್ನು ಊಟಕ್ಕೆ ಕೂತವರ ಎದುರಿಗೇ ಕಟ್ಟಿದ್ದರು. ಹಸಿರು ಸೀರೆ, ಬಳೆ, ಎತ್ತಿದ ಕೈ, ಅದರ ಮೇಲೆ ಆ ಕಣ್ಣು. ಒಬ್ಬಳು ಹೆಂಗಸು ಅದರ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಅವಳೇ ಆ ಮಗನ ಅಕ್ಕ ಇರಬೇಕು. ಅಳುತ್ತಿರಲಿಲ್ಲ.

ನಮ್ಮನ್ನು ಎಳೆದು ಕೂರಿಸಿದರು. ನನ್ನ ಪಕ್ಕದ ಎಲೆಯಲ್ಲಿ ಒಬ್ಬರು ಯಜಮಾನರು, ಸತ್ತವಳ ಭಾವನವರಂತೆ. ಮುದ್ದೆ ಮುರಿಯುವುದಕ್ಕೆ ಮುಂಚೆ ಅವರು ತಲೆಯೆತ್ತಿ ಫ್ಲೆಕ್ಸು ನೋಡಿದರು. ಬಡಿಸುತ್ತಿದ್ದ ಮಗನನ್ನು ನಿಲ್ಲಿಸಿ ಜೋರಾಗಿ ಕೇಳಿದರು.

"ಏನ್ಲಾ ಇದು? ಸುತ್ತೇಳ್ ಊರ್ ಜನ ಊಟಕ್ ಬಂದವ್ರೆ, ನಿಮ್ಮವ್ವ ನೋಡುದ್ರೆ ಉಣ್ಬೇಡಿ ಅಂತ ಕೈ ಅಡ್ಡ ಇಟ್ಕ ನಿಂತವ್ಳಲ್ಲಲೇ!"

ಸಾಲಿನವರೆಲ್ಲ ಅತ್ತ ತಿರುಗಿದರು. ಸ್ಟುಡಿಯೋದವನು ಎಲೆ ನೋಡಿಕೊಂಡ. ಮಗ ಬಕೆಟ್ ಕೆಳಗಿಡದೆ ಬಗ್ಗಿ, ಅವರ ಎಲೆಗೆ ಒಂದು ಸೌಟು ಸಾರು ತುಂಬಿ ಹಾಕಿದ.

"ಅವ್ಳಿಗ್ ಬೇಡ ಅಂತಾವ್ಳೆ ಕಣ್ ದೊಡ್ಡಪ್ಪ. ಯಾವತ್ ತಾನೆ ಮೊದ್ಲು ಉಂಡಿದ್ಲು ಯೋಳು? ಅವ್ಳ್ ಪಾಲ್ನೂ ನೀನೇ ಉಣ್ಣು."

ಆ ಯಜಮಾನರು ನಗುವುದಕ್ಕೆ ಬಾಯಿ ತೆರೆದು, ನಗಲಾರದೆ, "ಬಡ್ಡೈದ್ನೆ, ಒಸಿ ಮೆಲ್ಲುಕ್ ಆಕ್ಲಾ, ಎಲೆ ಎಲ್ಲಾ ಅರ್ದೋಯ್ತು," ಅಂದರು. ಮಗ ಮುಂದಿನ ಎಲೆಗೆ, ನನ್ನದಕ್ಕೆ, ಬಂದ.